ಪಟ ನೋಡುವುದು, ಪಟ ಓದುವುದು

ಆದವಾನಿ ಸೀಮೆಯಲ್ಲಿ ಮಂತ್ರಾಲಯದ ರಾಯರ ಪಟವಿಲ್ಲದ ಕನ್ನಡ ಮನೆ ವಿರಳ. ನಿತ್ಯವೂ ಅದಕ್ಕೆ ಹೂವೇರಿಸುತ್ತೇವೆ, ದೀಪ ಬೆಳಗುತ್ತೇವೆ. ಆದರೆ ಆ ಪಟವನ್ನು ಓದುತ್ತೇವೆಯೆ? ಈ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ.

ಪಟವನ್ನು ಓದುವ ಪದ್ಧತಿ ಪರದೇಶಗಳಲ್ಲಿಯೂ ಉಂಟು. ಬೈಜಾಂಟಿಯಮ್ ಸಾಮ್ರಾಜ್ಯದ ಕ್ರೈಸ್ತರು ಮರದ ಹಲಗೆಯ ಮೇಲೆ ಬರೆಯಿಸಿದ ಪೂಜಾಚಿತ್ರಗಳಿಗೆ 'ಐಕಾನ್' ಎಂದು ಹೆಸರು. ಅವುಗಳ ಹಿನ್ನೆಲೆಯ ಚಿನ್ನವು ದಿವ್ಯಜ್ಯೋತಿಯ ಸಂಕೇತ. ಕ್ರಿಸ್ತನ ಕೈಯ ಗ್ರಂಥ ಸುವಾರ್ತೆ. ಮಾತೆ ಮರಿಯಳ ಹೊದಿಕೆಯ ಮೂರು ನಕ್ಷತ್ರಗಳು ಆಕೆಯ ಕನ್ಯತ್ವದ ಗುರುತು. ಪಕ್ಕದಲ್ಲಿ ಹೆಸರಿನ ಅಕ್ಷರಗಳನ್ನು ಬರೆದಲ್ಲದೆ ಚಿತ್ರ ಪೂರ್ಣವಾಗದು. ಎಂಟು, ಒಂಬತ್ತನೆಯ ಶತಮಾನಗಳಲ್ಲಿ ಅಲ್ಲಿಯ ಕೆಲವು ಚಕ್ರವರ್ತಿಗಳು ಇಂತಹ ಚಿತ್ರಗಳ ಪೂಜೆಯನ್ನು ನಿಷೇಧಿಸಿದರು. ಚಿತ್ರಕ್ಕೆ ಸಲ್ಲಿಸಿದ ಗೌರವ ಅದರಲ್ಲಿ ತೋರಿಸಲ್ಪಟ್ಟವರಿಗೇ ಸಲ್ಲುತ್ತದೆಂದು ಕ್ರಿ.ಶ. 787ರ ನೈಸಿಯದ ಧರ್ಮಸಭೆ ನಿರ್ಣಯಿಸಿತು. ವಿವಾದ ಕೊನೆಗೊಂಡದ್ದು 843ರಲ್ಲಿ. ಪ್ರತಿಮೆಯೇ ದೇವರಲ್ಲ, ಪ್ರತಿಮೆಯಲ್ಲಿ ದೇವರನ್ನು ಚಿಂತಿಸಬೇಕೆಂಬ ಮಧ್ವಮತದ ಮಾತನ್ನು ಬಲ್ಲ ನಮಗೆ ಈ ನಿರ್ಣಯ ಅಪರಿಚಿತವೆನಿಸದು.

ಈಗ ನಮ್ಮ ಪಟಕ್ಕೆ ಬರೋಣ. ಕಾವಿ ವಸ್ತ್ರ ವೈರಾಗ್ಯದ ಚಿಹ್ನೆ. ಒಂದೇ ದಂಡ ಮಾಧ್ವಯತಿಗಳ ಏಕದಂಡಿ ಸಂಪ್ರದಾಯದ ಕುರುಹು. ಮೈಮೇಲಿನ ಗೋಪೀಚಂದನದ ಶಂಖಚಕ್ರ ಮುದ್ರೆಗಳು ವಿಷ್ಣುದಾಸ್ಯವನ್ನು ಸಾರುತ್ತವೆ. ಹಣೆಯ ಕಪ್ಪು ಗೆರೆ ಅಂಗಾರ, ಅದರ ಕೆಳಗಿನ ಬೊಟ್ಟು ಅಕ್ಷತೆ. ಬಳಿಯಲ್ಲಿರುವ ಗ್ರಂಥಗಳು 'ಪರಿಮಳ'ವನ್ನು ರಚಿಸಿದ ವಿದ್ವಾಂಸರನ್ನು ನೆನಪಿಸುತ್ತವೆ. ತುಳಸಿಯನ್ನು ಧರಿಸಿದ ಬೃಂದಾವನವು 1671ರಲ್ಲಿ ಅವರು ಪ್ರವೇಶಿಸಿದ ತಾಣ. ಅದರ ಇದಿರಿನ ಆಂಜನೇಯನೂ ಅಲಂಕಾರಕ್ಕಾಗಿ ನಿಂತವನಲ್ಲ: ಹನುಮ, ಭೀಮ, ಮಧ್ವ ಎಂಬ ವಾಯುವಿನ ಮೂರು ಅವತಾರಗಳಲ್ಲಿ ಆತನೇ ಮೊದಲನೆಯವನು.

ಇದೇ ಸೀಮೆಯ ಚಿಪ್ಪಗಿರಿಯಲ್ಲಿ 1755ರಲ್ಲಿ ದೇಹವಿಟ್ಟ ವಿಜಯದಾಸರನ್ನೂ ಇಲ್ಲಿ ನೆನೆಯಬೇಕು. ಹರಿದಾಸರ ಪಟಗಳಲ್ಲಿ ಕಾಣುವ ತಂಬೂರಿ, ಚಿಟಿಕೆ, ಗೆಜ್ಜೆಗಳು ಶಾಸ್ತ್ರವನ್ನು ಹಾಡಾಗಿಸಿ ಬೀದಿಗೆ ತಂದವರ ಸಾಧನಗಳು. ಆ ಹಾಡಿನ ಭಾಷೆ ಕನ್ನಡ.

1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಪಟಗಳು ಗೋಡೆಯಿಂದ ಇಳಿಯಲಿಲ್ಲ. ಅವುಗಳನ್ನು ವಿವರಿಸುವ ಕನ್ನಡದ ಮಾತು ಮಾತ್ರ ಮನೆಮನೆಯಲ್ಲಿ ಕ್ಷೀಣಿಸುತ್ತಿದೆ. ಶಾಲೆಯಲ್ಲಿ ತೆಲುಗನ್ನೂ ಇಂಗ್ಲಿಷನ್ನೂ ಕಲಿಯುವ ಮಕ್ಕಳು ಪಟದ ಕೆಳಗಿನ ಕನ್ನಡ ಅಕ್ಷರಗಳನ್ನು ಚಿತ್ರದ ಅಂಚೆಂದೇ ಬಗೆದರೆ ಆಶ್ಚರ್ಯವೇನು? ತೆಲುಗು ಲಿಪಿ ಬಲ್ಲ ಮಗುವಿಗೆ ಕನ್ನಡ ಲಿಪಿ ದೂರದ್ದಲ್ಲ; ತೋರಿಸಿಕೊಡುವವರು ಬೇಕು, ಅಷ್ಟೆ.

ಅದಕ್ಕಾಗಿ ಪಾಠಶಾಲೆಯನ್ನು ಕಾಯಬೇಕಾಗಿಲ್ಲ. ಗುರುವಾರದ ದೀಪ ಹಚ್ಚಿದ ಮೇಲೆ ಅಜ್ಜಿಯೋ ತಾಯಿಯೋ ಮಗುವನ್ನು ಪಟದ ಮುಂದೆ ಕುಳ್ಳಿರಿಸಿಕೊಂಡು, ವಾರಕ್ಕೊಂದು ಚಿಹ್ನೆಯ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಕೆಳಗಿನ ಹೆಸರನ್ನು ಬೆರಳಿಟ್ಟು ಓದಿಸಲಿ. ಕೈಮುಗಿಯುವುದನ್ನು ಮಕ್ಕಳಿಗೆ ಕಲಿಸಿದ್ದೇವೆ. ಯಾರಿಗೆ, ಏತಕ್ಕೆ ಎಂಬುದನ್ನು ತಿಳಿಸುವ ಹೊಣೆಯೂ ನಮ್ಮದೇ.