ಹಲ್ಲಿನ ಶರ್ಕರೆ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೂತವರಿಗೆ ಇದ್ದಕ್ಕಿದ್ದಂತೆ ಲೋಕಜ್ಞಾನ ಉಕ್ಕುತ್ತದೆ. ಒಳಗಿನಿಂದ ಗಿರ್ರೆನ್ನುವ ಸದ್ದು ಬರುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಹೋದ ಮಂಗಳವಾರ ನನ್ನೆದುರಿನ ಬೆಂಚಿನಲ್ಲಿ ಹೆಂಡತಿಯೊಂದಿಗೆ ಕೂತಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟೇಬಿಟ್ಟರು: “ಹಿಂದಿನೋರಿಗೆ ಹುಳುಕು ಅನ್ನೋದೇ ಇರಲಿಲ್ಲ ಕಣ್ರೀ. ಸಕ್ಕರೇನೇ ಇರಲಿಲ್ಲವಲ್ಲ, ಹುಳುಕು ಎಲ್ಲಿಂದ ಬರಬೇಕು?” ಮೂರು ಜನ ತಲೆಯಾಡಿಸಿದರು. ನಾನೂ ಆಡಿಸಿದೆ. ಕಿಟ್ಟ ತೆಗೆಸಲು ಹೋದವನು ಹಲ್ಲಿನ ವಿಷಯದಲ್ಲಿ ವಾದ ಹೂಡುವುದು ಚೆನ್ನಾಗಿರುವುದಿಲ್ಲ. ಆದರೆ ಮನೆಗೆ ಬಂದಮೇಲೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನಂತಾಯಿತು. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ತೀರ್ಪು ತಪ್ಪು ಎಂದು ತೋರಿಸಲು ಬಹಳ ದೂರ ಹೋಗಬೇಕಿಲ್ಲ, ಮೊರಾಕ್ಕೊದವರೆಗೆ ಹೋದರೆ ಸಾಕು. ಅಲ್ಲಿನ ತಾಫೊರಾಲ್ಟ್ ಗವಿಯಲ್ಲಿ ಸುಮಾರು 15,000 ವರ್ಷಗಳ ಹಿಂದೆ ಹೂತ ಜನರ ಹಲ್ಲುಗಳನ್ನು ಲೂಯಿಸ್ ಹಂಫ್ರಿ ಮತ್ತು ಸಂಗಡಿಗರು ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದರು. 52 ವಯಸ್ಕರಲ್ಲಿ ಮೂವರನ್ನು ಬಿಟ್ಟು ಉಳಿದವರೆಲ್ಲರಿಗೂ ಹುಳುಕು. ಎಣಿಸಿದ ಹಲ್ಲುಗಳಲ್ಲಿ ಅರ್ಧದಷ್ಟು ಹಾಳು. ಸಕ್ಕರೆ ಹಾಗಿರಲಿ, ಅವರಿಗೆ ಹೊಲವೂ ಇರಲಿಲ್ಲ, ನೇಗಿಲೂ ಇರಲಿಲ್ಲ. ಬೇಟೆಯಾಡಿ, ಬಸವನಹುಳು ಹೆಕ್ಕಿ ತಿಂದು ಬದುಕಿದವರು. ಆದರೆ ಓಕ್ ಮರದ ಕಾಯಿಗಳನ್ನು ರಾಶಿ ರಾಶಿ ಕೂಡಿಟ್ಟು ವರ್ಷವಿಡೀ ತಿನ್ನುತ್ತಿದ್ದರು. ಹಿಟ್ಟು ಹಿಟ್ಟಾಗಿ ಹಲ್ಲಿಗೆ ಮೆತ್ತಿಕೊಳ್ಳುವ ಆಹಾರ ಅದು. ಹಲ್ಲು ಕೆಡಲು ಸಕ್ಕರೆಯೇ ಬೇಕೆಂದಿಲ್ಲ, ಅಂಟುವ ಪಿಷ್ಟ ಸಾಕು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ಹಿರಿಯರು ‘ಹುಳುಕು’ ಎಂದರಲ್ಲ! ಈ ಅಂಕಣದ ಹಳೆಯ ಓದುಗರಿಗೆ ಮುಂದೇನಾಗುತ್ತದೆಂದು ಗೊತ್ತು. ಒಳಕಲ್ಲಿನ ಕತೆ ಹೇಳಲು ಹೊರಟು ‘ಒರಳು’ ಶಬ್ದದ ಹಿಂದೆ ಬಿದ್ದು ಎರಡು ವಾರ ಕಳೆದವನು ನಾನು. ಆಗ ಸಿಟ್ಟಾಗಿ ಪತ್ರ ಬರೆದವರು ಮುಂದಿನ ಎರಡು ಪ್ಯಾರಾ ಹಾರಿಸಬಹುದು.

ಹುಳುಕು ಎಂಬ ಮಾತಿನೊಳಗೆ ಹುಳ ಕೂತಿದೆ. ಹಳಗನ್ನಡದ ಪುೞು ನಮ್ಮ ಹುಳು. ಮಲಯಾಳಿಗಳಿಗೂ ಹುಳುಕುಹಲ್ಲು ಪುೞುಪ್ಪಲ್ಲು. ಮರಾಠಿಯವರ ಹಲ್ಲಿಗೆ ‘ಕೀಡ’ ಹತ್ತುತ್ತದೆ, ಹಿಂದಿಯವರ ಹಲ್ಲಿಗೆ ‘ಕೀಡಾ’. ಸುಶ್ರುತ ಇದನ್ನು ಕೃಮಿದಂತಕ ಎಂದ. ಚೀನಾದ ಶಾಂಗ್ ಅರಸರ ಕಾಲದ ಮೂಳೆಬರಹಗಳಲ್ಲಿ ಈ ರೋಗಕ್ಕೆ ಬಳಸಿದ ಅಕ್ಷರದಲ್ಲಿ ಹಲ್ಲಿನ ಜೊತೆಗೆ ಹುಳದ ಚಿತ್ರವೇ ಇದೆ. ಬ್ಯಾಬಿಲೋನಿಯದವರು ಹಲ್ಲುನೋವಿಗೆ ಹೇಳುತ್ತಿದ್ದ ಮಂತ್ರದಲ್ಲಂತೂ ಆ ಹುಳಕ್ಕೊಂದು ಪುರಾಣವಿದೆ: ಸೃಷ್ಟಿಯಾದ ಕೂಡಲೇ ಅದು ದೇವರ ಮುಂದೆ ಅಳುತ್ತ ಬಂದು ತನಗೇನು ಆಹಾರ ಎಂದು ಕೇಳುತ್ತದೆ. ಹಣ್ಣಾದ ಅಂಜೂರ ತಗೋ ಎಂದರೆ ಬೇಡವಂತೆ, ಹಲ್ಲು ಮತ್ತು ಒಸಡಿನ ನಡುವೆ ಜಾಗ ಬೇಕಂತೆ. ಯೂರೋಪಿನಲ್ಲಿ ಈ ಹುಳವನ್ನು ಗಟ್ಟಿ ದನಿಯಲ್ಲಿ ನಿರಾಕರಿಸಿದವನು ಫ್ರೆಂಚ್ ದಂತವೈದ್ಯ ಪಿಯೆರ್ ಫೋಶಾರ್, ಅದೂ 1728ರಲ್ಲಿ. ಅಲ್ಲಿಯವರೆಗೆ ಅರ್ಧ ಭೂಮಂಡಲ ಯಾರೂ ಕಂಡಿರದ ಹುಳವನ್ನು ನಂಬಿಕೊಂಡಿತ್ತು.

ಕಂಡಿರದ ಎಂದೆನೇ? ತಪ್ಪಾಯಿತು, ನಾನೇ ಕಂಡಿದ್ದೇನೆ. ಚಿಕ್ಕವನಿದ್ದಾಗ ನಮ್ಮೂರ ಸಂತೆಗೆ ಹಲ್ಲಿನ ಹುಳ ತೆಗೆಯುವವನೊಬ್ಬ ಬರುತ್ತಿದ್ದ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಉದುರಿಸಿ, ಮೇಲೆ ಕೊಳವೆ ಹಿಡಿದು, ಹೊಗೆಯನ್ನು ರೋಗಿಯ ಬಾಯಿಗೆ ಬಿಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ನೀರಿನ ಬಟ್ಟಲಲ್ಲಿ ಬಿಳೀ ಎಳೆಗಳು ತೇಲುತ್ತಿದ್ದವು. “ನೋಡ್ರಿ, ಹನ್ನೊಂದು!” ಯೂರೋಪಿನ ಸಂತೆಗಳಲ್ಲಿ ಇದೇ ಆಟವನ್ನು ಹೆನ್‌ಬೇನ್ ಎಂಬ ಗಿಡದ ಬೀಜದಿಂದ ಆಡುತ್ತಿದ್ದರು. ಬೀಜ ಕಾದು ಸಿಡಿದಾಗ ಒಳಗಿನ ಮೊಳಕೆ ಹೊರಬಿದ್ದು ಹುಳದಂತೆ ಕಾಣುತ್ತದೆ, ಗುಟ್ಟು ಅಷ್ಟೇ. ನೆಲಗುಳ್ಳವೂ ಹೆನ್‌ಬೇನೂ ಬದನೆಯ ಕುಲದ ಗಿಡಗಳೇ. ಮೋಸಕ್ಕೂ ಒಂದು ಸಸ್ಯಶಾಸ್ತ್ರ ಇದೆ ಎಂದಾಯಿತು.

ಸುಶ್ರುತನ ಹಲ್ಲಿನ ರೋಗಗಳ ಪಟ್ಟಿಯಲ್ಲಿ, ಕೃಮಿದಂತಕದ ನೆರೆಯಲ್ಲೇ, ‘ದಂತಶರ್ಕರಾ’ ಎಂಬ ಇನ್ನೊಂದು ರೋಗವಿದೆ. ನಾನು ದುಡ್ಡು ಕೊಟ್ಟು ಕೆರೆಸಿಕೊಳ್ಳಲು ಹೋಗಿದ್ದೆನಲ್ಲ, ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕಟ್ಟುವ ಕಿಟ್ಟ, ಅದೇ ಇದು. ಶರ್ಕರೆಯೆಂದರೆ ಮೊದಲು ಹರಳು, ಮರಳು, ಸಣ್ಣ ಕಲ್ಲು. ಕಬ್ಬಿನ ರಸ ಹರಳುಗಟ್ಟಿದಾಗ ಅದಕ್ಕೂ ಅದೇ ಹೆಸರು ಬಂದು, ಪ್ರಾಕೃತದ ನಾಲಗೆಯಲ್ಲಿ ಮೆತ್ತಗಾಗಿ, ನಮಗೆ ಸಕ್ಕರೆಯಾಯಿತು. ಲ್ಯಾಟಿನ್ನಿನವರೂ ಹಲ್ಲಿನ ಕಿಟ್ಟಕ್ಕೆ ಸಣ್ಣ ಕಲ್ಲಿನ ಹೆಸರನ್ನೇ ಇಟ್ಟರು: ಕ್ಯಾಲ್ಕ್ಯುಲಸ್. ಪಿಯುಸಿಯಲ್ಲಿ ನಮ್ಮನ್ನು ಗೋಳುಹೊಯ್ದುಕೊಂಡ ಗಣಿತವೂ ಅದೇ ಕಲ್ಲು. ಬೆಂಚಿನ ಮೇಲಿದ್ದ ಹಿರಿಯರು ‘ಸಕ್ಕರೆ ಇರಲಿಲ್ಲ’ ಎಂದದ್ದು ನಿಜ. ಆದರೆ ಶರ್ಕರೆ ಬಾಯ್ತುಂಬ ಇತ್ತು, ಎರಡು ರೂಪದಲ್ಲಿ.

ಒಂದು, ಹಿಟ್ಟಿನೊಳಗಿನ ಕಲ್ಲುಪುಡಿ. ನಮ್ಮಜ್ಜಿ ಬೀಸುವ ಕಲ್ಲಿಗೆ ಉಳಿ ಹಾಕಿಸಿದ ದಿನ ಮೊದಲು ಎರಡು ಸೇರು ತೌಡು ಬೀಸಿ ಚೆಲ್ಲುತ್ತಿದ್ದಳು. ಆಮೇಲೆ ರಾಗಿ. ಅಷ್ಟಾದರೂ ಮೊದಲ ದಿನದ ರೊಟ್ಟಿಯಲ್ಲಿ ಎಲ್ಲೋ ಒಂದು ಕಡೆ ‘ಕರಕ್’ ಎನ್ನುತ್ತಿತ್ತು. ಅಜ್ಜ ಅಗಿಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಯಾರನ್ನೂ ಬೈಯದೆ ನುಂಗುತ್ತಿದ್ದ. ಬಳ್ಳಾರಿಯ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದವರು ಕೊರಲೆ, ಹುರುಳಿ, ಹೆಸರು ತಿಂದುಕೊಂಡಿದ್ದರು. ಬಂಡೆಗಳ ಮೇಲೆ ಅರೆದು ಅರೆದು ಆದ ನುಣುಪು ಗುಳಿಗಳು ಇವತ್ತೂ ಕೈಗೆ ಸಿಗುತ್ತವೆ. ಆ ಗುಳಿಯಲ್ಲಿದ್ದ ಕಲ್ಲು ಎಲ್ಲಿಗೆ ಹೋಯಿತು? ಒಂದಿಷ್ಟು ಊಟದ ಜೊತೆ ಬಾಯಿಗೆ. ಹೀಗೆ ಕಲ್ಲು ತಿಂದವರ ದವಡೆಹಲ್ಲು ನಡುವಯಸ್ಸಿಗೇ ಸವೆದು ಚಪ್ಪಟೆಯಾಗುತ್ತದೆ. ಮಜವೆಂದರೆ, ಹುಳುಕು ಅನೇಕ ಸಲ ಶುರುವಾಗುವುದು ದವಡೆಹಲ್ಲಿನ ನೆತ್ತಿಯ ಗೆರೆಗಳಲ್ಲಿ. ಅತಿಯಾಗಿ ಸವೆದರೆ ಗೆರೆಗಳೇ ಅಳಿಸಿಹೋಗಿ ಹುಳುಕಿಗೆ ಜಾಗ ಕಡಿಮೆ. ಪ್ರಾಚೀನರ ಕೆಲವು ‘ಒಳ್ಳೆಯ ಹಲ್ಲು’ಗಳು ಹೀಗೆ ಉಜ್ಜಿಹೋದ ಹಲ್ಲುಗಳಷ್ಟೇ.

ಇನ್ನೊಂದು ಶರ್ಕರೆ, ಕಿಟ್ಟ. ನಮ್ಮ ಗಾದೆಯ ಪ್ರಕಾರ ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಪುರಾತತ್ತ್ವದವರ ಪಾಡು ಬಹುಕಾಲ ಇದರ ಮೊದಲರ್ಧವಾಗಿತ್ತು: ಕೈಯಲ್ಲಿ ಹಲ್ಲಿತ್ತು, ಅದು ಅಗಿದ ಕಡಲೆ ಮಣ್ಣಾಗಿತ್ತು. ಈಗ ಕಿಟ್ಟದೊಳಗೆ ಸಿಕ್ಕಿಬಿದ್ದ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಕಾಳು, ಯಾವ ಗೆಡ್ಡೆ ಎಂದು ಹೇಳುತ್ತಾರೆ. ಹರಿಯಾಣದ ಫರ್ಮಾಣಾ ಎಂಬ ಹರಪ್ಪ ಕಾಲದ ನೆಲೆಯಲ್ಲಿ ಅರುಣಿಮಾ ಕಶ್ಯಪ್ ಮತ್ತು ಸ್ಟೀವ್ ವೆಬರ್ ಸತ್ತವರ ಹಲ್ಲಿನಲ್ಲೂ ಅಡುಗೆಯ ಮಡಕೆಯಲ್ಲೂ ಶುಂಠಿ ಮತ್ತು ಅರಿಸಿನದ ಕಣಗಳನ್ನು ಗುರುತಿಸಿದರು. ದನದ ಹಲ್ಲಿನಲ್ಲೂ ಮನುಷ್ಯರ ಅಡುಗೆಯ ಕುರುಹು ಸಿಕ್ಕಿತಂತೆ. ಉಳಿದ ಸಾರನ್ನು ಕಲಗಚ್ಚಿಗೆ ಸುರಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನಗೆ ಸಿಟ್ಟು ಬರುವ ಎರಡು ಸಂಗತಿಗಳಿವೆ. ಮೊದಲನೆಯದು: ಅಗೆದವರು ತಲೆಬುರುಡೆಯನ್ನು ತೊಳೆದು, ಹಲ್ಲಿನ ಕಿಟ್ಟವನ್ನು ಕೊಳೆಯೆಂದು ಕೆರೆದು, ‘ಸ್ವಚ್ಛ’ಮಾಡಿ ಪೆಟ್ಟಿಗೆಗೆ ಹಾಕಿದ ಕಾಲವೊಂದಿತ್ತು. ಮಡಕೆಯ ಚೂರಿನ ಮಸಿಗೆ ಕೊಟ್ಟ ಮರ್ಯಾದೆಯನ್ನು ಮನುಷ್ಯರ ಬಾಯಿಗೆ ಕೊಡಲಿಲ್ಲ. ಎರಡನೆಯದು, ಪತ್ರಿಕೆಗಳ ತಲೆಬರಹ. ಫರ್ಮಾಣಾದ ಸುದ್ದಿ ಬಂದ ಕೂಡಲೇ ಅದು ‘ಜಗತ್ತಿನ ಮೊದಲ ಕರಿ’ ಆಯಿತು. ಯಾವುದು ಸಿಕ್ಕರೂ ಅದು ಮೊದಲನೆಯದಾಗಬೇಕು, ನಮ್ಮದಾಗಬೇಕು. ಆ ಶುಂಠಿಯನ್ನು ಅರೆದ ಕೈ ಯಾರದು ಎಂದು ಕೇಳುವಷ್ಟು ಜಾಗ ತಲೆಬರಹದಲ್ಲಿರುವುದಿಲ್ಲ.

ಮೆಹರ್‌ಗಢಕ್ಕೂ ಹೀಗೇ ಆಯಿತು. ಬಲೂಚಿಸ್ತಾನದ ಈ ಹಳ್ಳಿಯ ಸ್ಮಶಾನದಲ್ಲಿ 9,000ದಿಂದ 7,500 ವರ್ಷ ಹಿಂದಿನ, ತೂತು ಕೊರೆದ 11 ದವಡೆಹಲ್ಲುಗಳು ಸಿಕ್ಕಿವೆ, ಒಂಬತ್ತು ಜನರದು. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ದಿನದಿಂದ ನಮ್ಮಲ್ಲಿ ಅದು ‘ಜಗತ್ತಿನ ಮೊದಲ ದಂತವೈದ್ಯ’ನ ಕತೆ. ಇರಲಿ. ನನ್ನನ್ನು ಕಾಡುವುದು ಬೇರೆ ವಿವರಗಳು. ಊರಿನವರು ಮಣಿ ಮಾಡುವವರು. ಮಣಿಗೆ ತೂತು ಕೊರೆಯುತ್ತಿದ್ದ ಚಕಮಕಿ ಕಲ್ಲಿನ ಮೊನೆಯೇ ಹಲ್ಲಿಗೂ ಇಳಿದಿರಬೇಕು. ಅಂಥದೇ ಮೊನೆಯನ್ನು ಬಿಲ್ಲಿನ ಹಗ್ಗಕ್ಕೆ ಸುತ್ತಿ ತಿರುಗಿಸಿ ನೋಡಿದಾಗ ಮನುಷ್ಯನ ಹಲ್ಲಿನ ಗಟ್ಟಿ ಹೊದಿಕೆಯಲ್ಲಿ ತೂತಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಳ ಅರ್ಧ ಮಿಲಿಮೀಟರಿನಿಂದ ಮೂರೂವರೆ ಮಿಲಿಮೀಟರಿನವರೆಗೆ. ತೂತಿನ ಅಂಚುಗಳು ಸವೆದು ನುಣುಪಾಗಿವೆ. ಎಂದರೆ ಕೊರೆಸಿಕೊಂಡವರು ಅದೇ ಹಲ್ಲಿನಲ್ಲಿ ಆಮೇಲೂ ಉಂಡಿದ್ದಾರೆ. ಎಲ್ಲ ಹಿಂದಿನ ಹಲ್ಲುಗಳೇ, ನಕ್ಕರೆ ಕಾಣದವು, ಹಾಗಾಗಿ ಶೋಕಿಯಂತೂ ಅಲ್ಲ. ಸುಮಾರು 1,500 ವರ್ಷ ನಡೆದ ಈ ಪದ್ಧತಿ ಆಮೇಲೆ ನಿಂತೇಹೋಯಿತು. ಅದೇ ಊರಿನ ಮುಂದಿನ ಕಾಲದ ಸ್ಮಶಾನದಲ್ಲಿ ಹಾಳಾದ ಹಲ್ಲುಗಳು ಬೇಕಾದಷ್ಟಿವೆ, ಕೊರೆದದ್ದು ಒಂದೂ ಇಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಕಾಫಿ ಕುಡಿಯುವಾಗ ಹೊಳೆಯಿತು, ನಾನು ಹಿರಿಯರ ಪ್ರಶ್ನೆಗೇ ಉತ್ತರ ಹುಡುಕುತ್ತ ಕೂತಿದ್ದೇನೆ ಎಂದು. ‘ಹಿಂದಿನೋರಿಗೆ ಹುಳುಕಿತ್ತೇ?’ ಹಿಂದಿನೋರು ಎಂದರೆ ಯಾರು? ಎಲ್ಲರೂ ಸೇರಿ ಒಂದೇ ಬಾಯಿಂದ ಉಣ್ಣುತ್ತಿದ್ದರೇ?

ದಕ್ಷಿಣ ಏಷ್ಯಾದ ಪ್ರಾಚೀನ ಹಲ್ಲುಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಜಾನ್ ಲೂಕಾಕ್ಸ್ ಮೆಹರ್‌ಗಢ, ಹರಪ್ಪ, ಮಹಾರಾಷ್ಟ್ರದ ಇನಾಮ್‌ಗಾಂವ್ ಮುಂತಾದ ನೆಲೆಗಳ ಹಲ್ಲುಗಳನ್ನು ನೋಡಿದವರು. 1996ರ ಅವರ ಲೇಖನವೊಂದು ಗಂಡಸರ ಹಲ್ಲು, ಹೆಂಗಸರ ಹಲ್ಲು ಎಂದು ಬೇರೆ ಬೇರೆ ಎಣಿಸಿತು. ಹರಪ್ಪದಲ್ಲಿ ಹೆಂಗಸರ ಹುಳುಕು ಹೆಚ್ಚು. ಲೋಕದ ಬೇರೆ ಬೇರೆ ಕಡೆಯ ಬೇಸಾಯದ ಸಮಾಜಗಳಲ್ಲೂ ಬಹುಮಟ್ಟಿಗೆ ಇದೇ ಕತೆ. ಏಕೆ? ಒಂದು ಪಂಗಡದವರು ಊಟದ ಕಡೆ ಬೆರಳು ತೋರಿಸುತ್ತಾರೆ: ಮಾಂಸ ಗಂಡಸರ ಪಾಲಿಗೆ, ಹಿಟ್ಟುಗಂಜಿ ಹೆಂಗಸರ ಪಾಲಿಗೆ, ಅಡುಗೆ ಮಾಡುತ್ತ ದಿನವಿಡೀ ರುಚಿ ನೋಡುವುದು, ಉಳಿದದ್ದನ್ನು ಆಗಾಗ ತಿನ್ನುವುದು. ಲೂಕಾಕ್ಸ್ 2008ರಲ್ಲಿ ಅಷ್ಟು ಸಾಲದು ಎಂದರು. ಬೇಸಾಯ ಬಂದಮೇಲೆ ಹೆರಿಗೆಗಳ ಸಂಖ್ಯೆ ಏರಿತು. ಬಸಿರಿನಲ್ಲಿ ಎಂಜಲಿನ ಪ್ರಮಾಣ ಮತ್ತು ಗುಣ ಬದಲಾಗುತ್ತದೆ, ಹಲ್ಲನ್ನು ಕಾಯುವ ಅದರ ಶಕ್ತಿ ಕುಗ್ಗುತ್ತದೆ, ಬಯಕೆ ಬೇರೆ ಸೇರಿಕೊಳ್ಳುತ್ತದೆ. ಹೊಲ ಹೆಚ್ಚಾದಂತೆ ಮಕ್ಕಳು ಹೆಚ್ಚು, ಮಕ್ಕಳು ಹೆಚ್ಚಾದಂತೆ ತಾಯಂದಿರ ಹುಳುಕು ಹೆಚ್ಚು. ನನಗೆ ಎರಡೂ ಒಪ್ಪಿಗೆ, ಜಗಳವೇ ಅನಗತ್ಯ ಎನ್ನಿಸುತ್ತದೆ. ನಮ್ಮ ಬಾಣಂತಿಯರಿಗೆ ಅಂಟಿನುಂಡೆ ತಿನ್ನಿಸುವುದು ಎಂಜಲಿನ ಕಾವಲು ಇನ್ನೂ ಚೇತರಿಸಿಕೊಂಡಿರದ ಆ ದಿನಗಳಲ್ಲೇ ಅಲ್ಲವೇ?

ಇದಕ್ಕಿಂತ ಬಹಳ ಹಿಂದಕ್ಕೆ ಹೋದರೂ ಹಲ್ಲು ಕೆಲಸ ಹಂಚಿಕೆಯನ್ನು ಮರೆಮಾಚುವುದಿಲ್ಲ. ಸ್ಪೇನಿನ ಎಲ್ ಸಿದ್ರೋನ್ ಗವಿಯ ನಿಯಾಂಡರ್ತಾಲರು ಚರ್ಮವನ್ನೋ ಮಾಂಸವನ್ನೋ ಮುಂಬಲ್ಲಿನಲ್ಲಿ ಕಚ್ಚಿ ಹಿಡಿದು ಕಲ್ಲಿನಿಂದ ಕೊಯ್ಯುತ್ತಿದ್ದರು. ಕೈತಪ್ಪಿದಾಗಲೆಲ್ಲ ಹಲ್ಲಿನ ಮೇಲೊಂದು ಗೀರು. ಗೀರು ಓರೆಯಾದ ದಿಕ್ಕು ನೋಡಿ ಅವರು ಬಲಗೈಯವರೆಂದು ಹೇಳಬಹುದು. 2015ರ ಅಧ್ಯಯನದ ಪ್ರಕಾರ ಹೆಂಗಸರ ಹಲ್ಲಿನ ಗೀರುಗಳು ಗಂಡಸರವಕ್ಕಿಂತ ಉದ್ದ. ಅವರು ಹಲ್ಲಿನಿಂದ ಮಾಡುತ್ತಿದ್ದ ಕೆಲಸವೇ ಬೇರೆ ಇದ್ದಿರಬೇಕು.

ಹೊರಕೋಣೆಯ ಕತೆಯಲ್ಲಿ ಒಂದನ್ನು ಹೇಳದೆ ಬಿಟ್ಟೆ. ಬಿಟ್ಟದ್ದಕ್ಕೆ ಕಾರಣವೂ ಇಲ್ಲ, ಆಗ ಅದು ಮುಖ್ಯವೆಂದು ನನಗೇ ಅನ್ನಿಸಿರಲಿಲ್ಲ. ಹಿರಿಯರು ಹಿಂದಿನವರ ಹಲ್ಲನ್ನು ಹೊಗಳುವಷ್ಟು ಹೊತ್ತೂ ಪಕ್ಕದಲ್ಲಿದ್ದ ಅವರ ಹೆಂಡತಿ ಸೆರಗಿನ ತುದಿಯನ್ನು ಕೆನ್ನೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು. ಕರೆ ಬಂದದ್ದು ಅವರ ಹೆಸರಿಗೆ. ಬಾಗಿಲಲ್ಲಿ ನಿಂತ ಹುಡುಗಿ ಎಷ್ಟು ದಿನದಿಂದ ನೋವು ಎಂದು ಕೇಳಿದಳು. “ಎರಡನೇ ಬಾಣಂತನದಿಂದ್ಲೂ ಇದೆಯಮ್ಮ, ಈಗ ಜಾಸ್ತಿ” ಎಂದರು. ಅವರಿಗೆ ಅರವತ್ತೈದಾದರೂ ಆಗಿದ್ದೀತು.

ಮನೆಗೆ ಬಂದು ಮೆಹರ್‌ಗಢದ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿದೆ. ಹಲ್ಲು ಕೊರೆಸಿಕೊಂಡ ಒಂಬತ್ತು ಜನರಲ್ಲಿ ಇಬ್ಬರು ಗಂಡಸರು, ನಾಲ್ವರು ಹೆಂಗಸರು. ಉಳಿದ ಮೂವರು ಹೆಣ್ಣೋ ಗಂಡೋ ತಿಳಿದುಬಂದಿಲ್ಲ.