ಅವ್ವನ ಹಿತ್ತಲ ದೀಪಕ್ಕೆ ಯಾವ ಗೇಟ್‌ವೇ?

ಹೋದ ಮಳೆಗಾಲದ ಒಂದು ರಾತ್ರಿ ಹಟ್ಟಿಯ ನಮ್ಮ ಮನೆಯ ಹಿತ್ತಲಲ್ಲಿ ಅವ್ವ ಜಾರಿ ಬಿದ್ದಳು. ಎಡ ಮುಂಗೈ ಮೂಳೆ ಬಿರುಕು ಬಿಟ್ಟಿತು. ಬೆಂಗಳೂರಿನಲ್ಲಿದ್ದ ನನಗೆ ಗೊತ್ತಾಗಿದ್ದು ಎರಡು ದಿನದ ಮೇಲೆ. "ನೀ ಆಫೀಸಿನ್ಯಾಗ ಇರ್ತಿ, ಸುಮ್ನ ಗಾಬರಿ ಆಗ್ತಿ ಅಂತ ಹೇಳಲಿಲ್ಲ ಯವ್ವಾ" ಅಂದಳು. ಆಮೇಲೆ ಮೆಲ್ಲಗೆ ಸೇರಿಸಿದಳು: "ನಿನ್ನ ಲೈಟ್ ಹತ್ತಲಿಲ್ಲ."

ನನ್ನ ಲೈಟ್. ಹೌದು, ಅದನ್ನು ಹಾಕಿದವಳು ನಾನೇ. ನಮ್ಮದು ಹಳೇ ಕಲ್ಲಿನ ಮನೆ, ಬಚ್ಚಲು-ಪಾಯಖಾನೆ ಎರಡೂ ಹಿತ್ತಲಲ್ಲಿ. ರಾತ್ರಿ ಎದ್ದವರು ಕತ್ತಲಲ್ಲಿ ತಡವರಿಸಬಾರದು ಅಂತ ಆನ್‌ಲೈನಿನಲ್ಲಿ ಒಂದು ವೈಫೈ ಬಲ್ಬು, ಒಂದು ಚಲನೆ ಗುರುತಿಸುವ ಸೆನ್ಸರ್ ತರಿಸಿ ಜೋಡಿಸಿದ್ದೆ. ಯಾರೂ ಆರಿಸಬಾರದೆಂದು ಗೋಡೆಯ ಸ್ವಿಚ್ಚಿನ ಮೇಲೆ ಟೇಪ್ ಬೇರೆ ಅಂಟಿಸಿ ಬಂದಿದ್ದೆ! ಆ ರಾತ್ರಿ ಗಾಳಿ-ಮಳೆಗೆ ಕರೆಂಟು ಹೋಗಿತ್ತು. ಇನ್ವರ್ಟರ್ ಇತ್ತು, ಬಲ್ಬಿಗೆ ಕರೆಂಟೂ ಇತ್ತು. ಇರಲಿಲ್ಲವಾದದ್ದು ನೆಟ್. ಮೂರು ಮಾರು ದೂರದ ಸೆನ್ಸರ್ ಮತ್ತು ಬಲ್ಬು ಪರಸ್ಪರ ಮಾತಾಡಲು ಎಲ್ಲೋ ಇರುವ ಸರ್ವರ್‌ಗೆ ಹೋಗಿ ಬರಬೇಕಿತ್ತು. ದಾರಿ ಕಡಿದಿತ್ತು, ದೀಪ ಹತ್ತಲಿಲ್ಲ.

ದಿನವಿಡೀ ಸಾಫ್ಟ್‌ವೇರ್ ಬರೆಯುವ ನಾನು ಮನೆಗೆ ಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿರಲಿಲ್ಲ: ನೆಟ್ ಇಲ್ಲದಾಗ ಇದು ಏನು ಮಾಡುತ್ತದೆ?

ಮುಂದಿನ ಸಲ ಹೊರಟಾಗ ಗೇಟ್‌ವೇ ಹುಡುಕಿದೆ. ಗೇಟ್‌ವೇ ಅಂದರೆ ಮನೆಯ ಸೆನ್ಸರ್, ಸ್ವಿಚ್ಚುಗಳು ರೇಡಿಯೊದಲ್ಲಿ ಆಡುವ ಮಾತನ್ನು ಕೇಳಿಸಿಕೊಂಡು, "ಯಾರೋ ಬಂದರು, ದೀಪ ಹಚ್ಚು" ಎಂದು ಮನೆಯಲ್ಲೇ ಕೂತು ಹೇಳುವ ಡಬ್ಬಿ. ಅಂಗಡಿಯಲ್ಲಿ ನೋಡಿದರೆ ಹತ್ತಾರು ಹೆಸರು. ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಯಾವ ರೇಡಿಯೊ ಅಂತ ನೋಡಿ.

433 ಮೆಗಾಹರ್ಟ್ಸ್ ಅಗ್ಗ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಆದರೆ ಇದರ ಅಗ್ಗದ ಸಾಮಾನುಗಳಲ್ಲಿ ಮಾತು ಬಹುತೇಕ ಒಂದೇ ಕಡೆಯದು. ರಿಮೋಟು ಹೇಳುತ್ತದೆ, ಆ ಕಡೆ ಕೇಳಿಸಿತೋ ಇಲ್ಲವೋ ತಿಳಿಯುವುದಿಲ್ಲ. ಅವ್ವನ ದೀಪಕ್ಕೆ ಇದು ಸಾಲದು.

ಜೀ-ವೇವ್ ಎರಡೂ ಕಡೆ ಮಾತಾಡುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. ಆದರೆ ಇದರ ತರಂಗ ದೇಶಕ್ಕೊಂದು. ಭಾರತದಲ್ಲಿ 865 ಮೆಗಾಹರ್ಟ್ಸ್ ಆಸುಪಾಸು, ಅಮೆರಿಕದಲ್ಲಿ 908. ಅಲ್ಲಿಂದ ಅಣ್ಣನೋ ಗೆಳತಿಯೋ ತಂದುಕೊಟ್ಟ ಸಾಮಾನು ಇಲ್ಲಿನದರ ಜೊತೆ ಮಾತೇ ಆಡುವುದಿಲ್ಲ. ನಮ್ಮಲ್ಲಿ ಸಿಗುವ ಸಾಮಾನೂ ಕಡಿಮೆ, ಬೆಲೆಯೂ ಜಾಸ್ತಿ.

ಉಳಿದದ್ದು ಜಿಗ್‌ಬೀ. 2.4 ಗಿಗಾಹರ್ಟ್ಸ್, ಸಾಮಾನು ಬೇಕಾದಷ್ಟು ಸಿಗುತ್ತದೆ, ಬ್ಯಾಟರಿ ಸೆನ್ಸರ್ ತಿಂಗಳುಗಟ್ಟಲೆ ಬಾಳುತ್ತದೆ. ಕರೆಂಟಿಗೆ ಜೋಡಿಸಿದ ಹೆಚ್ಚಿನ ಉಪಕರಣಗಳು ಪಕ್ಕದವರ ಮಾತನ್ನು ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿಯವು ದಾಟಿಸುವುದಿಲ್ಲ, ಇದು ನೆನಪಿರಲಿ. ಒಂದು ರಾಸ್ಪ್‌ಬೆರಿ ಪೈ, ಅದರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ಸಾಫ್ಟ್‌ವೇರ್, ಅದಕ್ಕೆ ಚುಚ್ಚುವ ಜಿಗ್‌ಬೀ ಯುಎಸ್‌ಬಿ ಕಡ್ಡಿ ತೆಗೆದುಕೊಂಡು ಬಸ್ ಹತ್ತಿದೆ.

ಪಡಸಾಲೆಯಲ್ಲಿ ಜೋಡಿಸಿದೆ. ಹಿತ್ತಲ ಸೆನ್ಸರ್ ಕಾಣಿಸಲೇ ಇಲ್ಲ. ಮೊದಲ ತಪ್ಪು ನನ್ನದೇ: ಕಡ್ಡಿಯನ್ನು ಪೈನ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೇ ನೇರ ಚುಚ್ಚಿದ್ದೆ. ಆ ಕಿಂಡಿ ಕೆಲಸ ಮಾಡುವಾಗ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೇ ಬೀಳುತ್ತದೆ. ಕಪ್ಪು ಬಣ್ಣದ ಯುಎಸ್‌ಬಿ 2 ಕಿಂಡಿಗೆ ಬದಲಿಸಿ, ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ಇಟ್ಟೆ. ಎರಡನೆಯದು, ವೈಫೈ ಕೂಡ ಅದೇ ತರಂಗದಲ್ಲಿ. ನಮ್ಮ ರೂಟರ್ 11ನೇ ಚಾನೆಲಿನಲ್ಲಿತ್ತು. ಜಿಗ್‌ಬೀಗೆ 11ರಿಂದ 26ರವರೆಗೆ ಚಾನೆಲುಗಳು. ಅಂಕಿ ಒಂದೇ ಆದರೂ ಜಾಗ ಬೇರೆ. 25ಕ್ಕೆ ಇಟ್ಟರೆ ವೈಫೈನ 11ರ ಅಂಚಿನಿಂದ ಆಚೆ ಬೀಳುತ್ತದೆ. ಅದನ್ನೂ ಮಾಡಿದೆ. ಸ್ವಲ್ಪ ಸುಧಾರಿಸಿತು, ಆದರೂ ಹಿತ್ತಲ ಸೆನ್ಸರ್ ಒಮ್ಮೆ ಇದೆ, ಒಮ್ಮೆ ಇಲ್ಲ.

ಕಟ್ಟೆ ಮೇಲೆ ಕೂತು ನೋಡುತ್ತಿದ್ದ ಅಪ್ಪ ನಕ್ಕರು. ಹಟ್ಟಿ ಚಿನ್ನದ ಗಣಿಯಲ್ಲಿ ಭೂಮಿ ಕೆಳಗೆ ಕೆಲಸ ಮಾಡಿ ನಿವೃತ್ತರಾದವರು. "ಗೋಡಿ ಎಷ್ಟು ದಪ್ಪ ಐತಿ ನೋಡಿಯೇನು? ಗಣ್ಯಾಗ ಕೆಳಗ ಇಳಿದ್ರ ಫೋನ್ ಎಲ್ಲಿ ಹತ್ತತೈತಿ? ಅಲ್ಲಿ ಎಲ್ಲಾ ತಂತಿ, ಗಂಟಿ. ಕಲ್ಲು ದಾಟಬೇಕಂದ್ರ ತಂತಿ ಎಳೀಬೇಕವ್ವ."

ಮಾತು ಪಕ್ಕಾ ಇಂಜಿನಿಯರಿಂಗ್. ಆಳದ ಗಣಿಗಳಲ್ಲಿ ರೇಡಿಯೊ ಬೇಕೆಂದಾಗ ಸುರಂಗದುದ್ದಕ್ಕೂ ಒಂದು ವಿಶೇಷ ಕೇಬಲ್ ಎಳೆಯುತ್ತಾರೆ. ಅದರ ಹೊದಿಕೆಯಲ್ಲಿ ಬೇಕೆಂದೇ ಕಿಂಡಿ ಬಿಟ್ಟಿರುತ್ತಾರೆ, ಸಿಗ್ನಲ್ ದಾರಿಯುದ್ದಕ್ಕೂ ಸೋರುತ್ತಾ ಹೋಗುತ್ತದೆ. ಬಂಡೆಯನ್ನು ತಂತಿ ದಾಟಿಸುತ್ತದೆ, ಉಳಿದ ನಾಲ್ಕು ಹೆಜ್ಜೆಯನ್ನು ರೇಡಿಯೊ ನೋಡಿಕೊಳ್ಳುತ್ತದೆ.

ನಾನೂ ಅದನ್ನೇ ಮಾಡಿದೆ. ಯುಎಸ್‌ಬಿ ಕಡ್ಡಿಯ ಬದಲು ಲ್ಯಾನ್ ಕೇಬಲಿಗೆ ಜೋಡಿಸುವ ಜಿಗ್‌ಬೀ ಗೇಟ್‌ವೇ ತರಿಸಿ, ಕೇಬಲನ್ನು ಬಾಗಿಲ ಚೌಕಟ್ಟಿನ ಪಕ್ಕದಿಂದ ಅಡುಗೆಮನೆಗೆ ಎಳೆದು, ಹಿತ್ತಲ ಬಾಗಿಲ ಮೇಲೆ ಕೂರಿಸಿದೆ. ಪೈ ಮತ್ತು ರೂಟರ್ ಪಡಸಾಲೆಯಲ್ಲೇ. ಸೆನ್ಸರ್ ತಕ್ಷಣ ಸಿಕ್ಕಿತು. ಬಚ್ಚಲ ಕಡೆಗೆ ಮಾತು ದಾಟಿಸಲು ನಡುವೆ ಒಂದು ಪ್ಲಗ್ ಹಾಕಿದೆ.

ವೈಫೈ ಬಲ್ಬನ್ನೂ ಕಿತ್ತೆ. ಸಾದಾ ಎಲ್‌ಇಡಿ ಬಲ್ಬು ಹಾಕಿ, ಸ್ವಿಚ್ಚಿನ ಹಿಂದೆ ಜಿಗ್‌ಬೀ ರಿಲೇ ಕೂರಿಸಿದೆವು. ಅದಕ್ಕೆ ನ್ಯೂಟ್ರಲ್ ತಂತಿ ಬೇಕು. ನಮ್ಮ ಹಳೇ ಸ್ವಿಚ್ ಬಾಕ್ಸಿನಲ್ಲಿ ಇರಲಿಲ್ಲ, ಎಲೆಕ್ಟ್ರಿಷಿಯನ್ ಹೊಸದಾಗಿ ಎಳೆದುಕೊಟ್ಟರು. ಈಗ ಗೇಟ್‌ವೇ ಸತ್ತರೂ ಗೋಡೆಯ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಟೇಪು ಕಿತ್ತುಹಾಕಿದೆ.

ಕೊನೆಗೆ ಪರೀಕ್ಷೆ. ರೂಟರಿನ ನೆಟ್ ಕೇಬಲ್ ಕಿತ್ತು ಹಿತ್ತಲಿಗೆ ಹೋದೆ, ದೀಪ ಹತ್ತಿತು. ಮೇನ್ ಸ್ವಿಚ್ ಆರಿಸಿ ಹೋದೆ, ಹತ್ತಲಿಲ್ಲ! ನಡುವಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ಕರೆಂಟು ಹೋದೊಡನೆ ಮಾತು ದಾಟಿಸುವವನೇ ಮಲಗಿಬಿಟ್ಟಿದ್ದ. ಪ್ಲಗ್, ಪೈ, ರೂಟರ್, ಗೇಟ್‌ವೇ, ರಿಲೇ ಎಲ್ಲವನ್ನೂ ಇನ್ವರ್ಟರ್ ಲೈನಿಗೆ ತಂದ ಮೇಲೆ ಸರಿಹೋಯಿತು. ಈ ಪರೀಕ್ಷೆಯನ್ನು ಮೊದಲ ಸಲವೇ ಮಾಡಿದ್ದರೆ ಅವ್ವನ ಕೈ ಉಳಿಯುತ್ತಿತ್ತು.

"ಈಗ ಮ್ಯಾಟರ್ ಬಂದಿದೆಯಲ್ಲ, ಕಾಯೋಣವೇ?" ಅಂತ ಗೆಳೆಯರು ಕೇಳುತ್ತಾರೆ. 2022ರಲ್ಲಿ ಬಂದ ಮ್ಯಾಟರ್ ಬೇರೆ ಬೇರೆ ಕಂಪನಿಯ ಸಾಮಾನು ಒಂದೇ ಭಾಷೆ ಆಡಲಿ ಎಂಬ ಒಪ್ಪಂದ, ಒಳ್ಳೆಯದೇ. ಆದರೆ ಅದು ಬಳಸುವ ಥ್ರೆಡ್ ರೇಡಿಯೊ ಕೂಡ 2.4 ಗಿಗಾಹರ್ಟ್ಸ್. ಕಲ್ಲಿನ ಗೋಡೆಗೆ ಹೊಸ ಹೆಸರು ಹೇಳಿದರೆ ದಾರಿ ಬಿಡುವುದಿಲ್ಲ. ಫರ್ಮ್‌ವೇರ್ ಬದಲಿಸಿ ಥ್ರೆಡ್‌ಗೂ ಬಳಸಬಹುದಾದ ಗೇಟ್‌ವೇ ಕೊಂಡರೆ ಮುಂದಕ್ಕೂ ಆಯಿತು.

ನೀವೂ ಊರಿನ ಮನೆಗೆ ಇಂಥದ್ದು ಹಾಕುವುದಾದರೆ, ಕೊಟ್ಟು ಬರುವ ಮುಂಚೆ ನೆಟ್ ಕಿತ್ತು ನೋಡಿ, ಮೇನ್ ಆರಿಸಿ ನೋಡಿ, ನಿಮ್ಮ ಫೋನನ್ನು ಬದಿಗಿಟ್ಟು ನೋಡಿ. ಆ ಮನೆಯಲ್ಲಿ ನೀವು ಇರುವುದಿಲ್ಲ, ಅವರಿರುತ್ತಾರೆ.

ಮೊನ್ನೆ ಫೋನಿನಲ್ಲಿ ಅವ್ವನನ್ನು ಕೇಳಿದೆ, ದೀಪ ಹೇಗಿದೆ ಅಂತ. "ಹತ್ತತೈತಿ, ಚಲೋ ಐತಿ. ಆದ್ರ ಬ್ಯಾಟ್ರಿ ಮಾತ್ರ ಕೈಯಾಗ ಹಿಡಕೊಂಡ ಹೋಗ್ತೀನಿ."

"ಹಿಡಕೊಂಡೇ ಹೋಗವ್ವ" ಅಂದೆ.