ವಾಹನಗಳ ಸದ್ದೂ ಜನರ ಆರೋಗ್ಯವೂ

ರೈಲುದಾರಿ, ಹೆದ್ದಾರಿಗಳೆರಡಕ್ಕೂ ಮೈಯೊಡ್ಡಿಕೊಂಡಿರುವ ಊರುಗಳಲ್ಲಿ ಬಾಣಾವರವೂ ಒಂದು. ಬೆಂಗಳೂರಿನಿಂದ ಅರಸೀಕೆರೆಯ ಮೇಲೆ ಹುಬ್ಬಳ್ಳಿಗೆ ಹೋಗುವ ರೈಲುಗಳೂ, ತುಮಕೂರಿನ ಕಡೆಯಿಂದ ಹೊನ್ನಾವರದತ್ತ ಸಾಗುವ ಲಾರಿ ಬಸ್ಸುಗಳೂ ಹಗಲಿರುಳೆನ್ನದೆ ಇಲ್ಲಿ ಹಾದುಹೋಗುತ್ತವೆ. ೨೦೨೩ರಲ್ಲಿ ಬೇಲೂರು ಹಳೇಬೀಡುಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅದೇ ವರ್ಷದ ಜೂನ್ ೨೭ರಂದು ಬೆಂಗಳೂರು ಧಾರವಾಡಗಳ ನಡುವೆ ವಂದೇ ಭಾರತ್ ರೈಲು ಇದೇ ಹಳಿಯ ಮೇಲೆ ಓಡತೊಡಗಿತು. ಇಂತಹ ದಾರಿಯಲ್ಲಿ ಸಂಚಾರವು ಬೆಳೆಯುವುದಲ್ಲದೆ ಕುಗ್ಗುವಂತಿಲ್ಲ. ತೆಂಗು ಕೊಬ್ಬರಿಗಳ ಈ ಸೀಮೆಗೆ ಸಂಚಾರವೇ ಜೀವನಾಡಿಯೆಂಬುದು ನಿಜ. ಆದರೆ ಆ ಏಳಿಗೆಯ ಜೊತೆಗೆ ಬರುವ ಸದ್ದಿನ ತೆರಿಗೆಯನ್ನು ದಾರಿಯ ಬದಿಯ ನಿವಾಸಿಗಳು ತಮ್ಮ ನಿದ್ರೆಯಿಂದಲೂ ಆರೋಗ್ಯದಿಂದಲೂ ತೆರಬೇಕಾಗಿರುವುದು ಸಾರ್ವಜನಿಕರ ಯೋಚನೆಗೆ ಅರ್ಹವಾದ ವಿಷಯವಾಗಿದೆ.

ಸದ್ದೆಂದರೆ ಕಿವಿಗೆ ಮಾತ್ರ ಸಂಬಂಧಪಟ್ಟದ್ದೆಂಬ ಭಾವನೆಯು ನಮ್ಮಲ್ಲಿ ಇನ್ನೂ ಬಲವಾಗಿದೆ. ವೈದ್ಯಶಾಸ್ತ್ರವು ಹಾಗೆ ಹೇಳುವುದಿಲ್ಲ. ಕರ್ಕಶವಾದ ಸದ್ದನ್ನು ದೇಹವು ಅಪಾಯದ ಮುನ್ಸೂಚನೆಯೆಂದು ತಿಳಿಯುತ್ತದೆ. ಆಗ ಉದ್ವೇಗದ ರಸಗಳು ರಕ್ತದಲ್ಲಿ ಸೇರಿ, ನಾಡಿಯು ಚುರುಕಾಗಿ, ರಕ್ತದ ಒತ್ತಡವು ಏರುವುದು. ಇದು ವರ್ಷಗಟ್ಟಲೆ ಪ್ರತಿರಾತ್ರಿಯೂ ನಡೆದರೆ ಹೃದ್ರೋಗಕ್ಕೆ ಹಾದಿಯಾಗುತ್ತದೆ. “ನಮಗೆ ರೂಢಿಯಾಗಿಹೋಗಿದೆ, ಎಚ್ಚರವೇ ಆಗುವುದಿಲ್ಲ” ಎಂದು ಹೇಳುವವರು ಅನೇಕರಿದ್ದಾರೆ. ಮನಸ್ಸು ರೂಢಿ ಮಾಡಿಕೊಳ್ಳಬಹುದು. ಹೃದಯವು ಪೂರ್ಣವಾಗಿ ರೂಢಿ ಮಾಡಿಕೊಳ್ಳುವುದಿಲ್ಲ. ಮಲಗಿದವನು ಏಳದಿದ್ದರೂ ಅವನ ನಾಡಿಯು ಲಾರಿಯ ಹಾರನ್ನಿಗೆ ಜಿಗಿಯುತ್ತಲೇ ಇರುತ್ತದೆ. ಯುರೋಪಿನ ಪಶ್ಚಿಮ ದೇಶಗಳಲ್ಲಿ ಸಂಚಾರದ ಸದ್ದಿನಿಂದ ವರ್ಷಕ್ಕೆ ಕನಿಷ್ಠ ಹತ್ತು ಲಕ್ಷ ವರ್ಷಗಳಷ್ಟು ಆರೋಗ್ಯವಂತ ಆಯುಸ್ಸು ನಷ್ಟವಾಗುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಲೆಕ್ಕ ಹಾಕಿತು.

ಮಕ್ಕಳ ವಿಷಯವು ಇನ್ನೂ ಗಂಭೀರವಾದುದು. ನ್ಯೂಯಾರ್ಕ್ ನಗರದಲ್ಲಿ ಎತ್ತರದ ರೈಲುಹಳಿಯ ಪಕ್ಕದ ಒಂದು ಶಾಲೆಯ ಸ್ಥಿತಿಯು ೧೯೭೫ರಲ್ಲಿ ಪ್ರಕಟವಾಯಿತು. ಹಳಿಯ ಕಡೆಯ ಕೊಠಡಿಗಳಲ್ಲಿ ಕಲಿಯುತ್ತಿದ್ದ ಮಕ್ಕಳು ಇನ್ನೊಂದು ಪಾರ್ಶ್ವದ ಮಕ್ಕಳಿಗಿಂತ ಓದಿನಲ್ಲಿ ಹಿಂದೆ ಬಿದ್ದಿದ್ದರು. ಬಳಿಕ ಹಳಿಗಳ ಕೆಳಗೆ ರಬ್ಬರಿನ ಹಾಸುಗಳನ್ನಿಟ್ಟು, ಕೊಠಡಿಗಳ ಮಾಳಿಗೆಗೆ ಸದ್ದನ್ನು ಹೀರುವ ಹಲಗೆಗಳನ್ನು ಹಾಕಿದರು. ೧೯೮೧ರ ಹೊತ್ತಿಗೆ ಆ ಅಂತರವು ಇಲ್ಲವಾಗಿತ್ತು. ದಡ್ಡತನವೆಂದು ಮಕ್ಕಳ ತಲೆಗೆ ಕಟ್ಟುತ್ತಿದ್ದ ದೋಷವು ವಾಸ್ತವವಾಗಿ ಹಳಿಯದಾಗಿತ್ತು. ಹೆದ್ದಾರಿಯ ಅಂಚಿನಲ್ಲಿ ಶಾಲೆಗಳನ್ನು ಕಟ್ಟಿ, ಪಾಠದ ನಡುವೆ ಉಪಾಧ್ಯಾಯರು ಬಾಯಿ ಮುಚ್ಚಿ ಕಾಯುವಂತೆ ಮಾಡುವ ನಾವು ಇದನ್ನು ಮನನ ಮಾಡಬೇಕು.

ಈ ಹಾವಳಿಯನ್ನು ತಡೆಯಲು ಕಾನೂನಿಲ್ಲವೆ? ಬೇಕಾದಷ್ಟಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್‌ಗಳನ್ನು ಸದ್ದು ಮೀರಕೂಡದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ೧೦೦ ಮೀಟರುಗಳವರೆಗೆ ಸಾರಲಾಗುವ ನಿಶ್ಶಬ್ದ ವಲಯಕ್ಕೆ ಮಿತಿಯು ಹಗಲು ೫೦, ರಾತ್ರಿ ೪೦. ರಾತ್ರಿ ೧೦ ಗಂಟೆಯಿಂದ ಬೆಳಗಿನ ೬ರವರೆಗೆ ವಾಸದ ಪ್ರದೇಶದಲ್ಲಿ ತುರ್ತು ಸಂದರ್ಭದ ಹೊರತು ಹಾರನ್ ಊದುವುದೇ ನಿಷಿದ್ಧ. ಕಿವಿಗಡಚಿಕ್ಕುವ, ಹಲವು ಸ್ವರಗಳಲ್ಲಿ ಕಿರುಚುವ ಹಾರನ್ನುಗಳನ್ನು ವಾಹನಗಳಿಗೆ ಅಳವಡಿಸಕೂಡದೆಂದು ೧೯೮೯ರ ಮೋಟಾರು ವಾಹನ ನಿಯಮಗಳಲ್ಲಿಯೇ ಹೇಳಿದೆ. ಅನಾವಶ್ಯಕವಾಗಿ ಹಾರನ್ ಊದಿದವರಿಗೆ ಮೊದಲ ಸಲ ೧,೦೦೦, ಮುಂದಿನ ಸಲ ೨,೦೦೦ ರೂಪಾಯಿಗಳ ದಂಡವನ್ನು ೨೦೧೯ರ ತಿದ್ದುಪಡಿಯು ವಿಧಿಸಿದೆ. ಸದ್ದಿಲ್ಲದೆ ಬಾಳುವುದು ಜೀವಿಸುವ ಹಕ್ಕಿನ ಅಂಗವೆಂಬುದನ್ನು ಸುಪ್ರೀಂ ಕೋರ್ಟು ೨೦೦೫ರ ಜುಲೈನಲ್ಲಿ ಎತ್ತಿಹಿಡಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪು ಶಾಖೆಯು ೨೦೧೮ರಲ್ಲಿ ರಸ್ತೆಯ ರಾತ್ರಿಸದ್ದಿಗೆ ಹೇಳಿದ ಮಿತಿಯೂ ೪೫ ಡೆಸಿಬೆಲ್ಲೇ. ಆದುದರಿಂದ ನಮ್ಮ ಶಾಸನವು ಯಾರ ಶಾಸನಕ್ಕೂ ಕಡಮೆಯಾದುದಲ್ಲ, ಕೊರತೆಯಿರುವುದು ಪಾಲನೆಯಲ್ಲಿ.

ಪಾಲನೆಗೆ ಮೊದಲು ಅಳತೆ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ೨೦೧೧ರಲ್ಲಿ ಆರಂಭಿಸಿದ ಸದ್ದಿನ ಅಳತೆಯ ಜಾಲವು ಬೆಂಗಳೂರು ಮೊದಲಾದ ೭ ಮಹಾನಗರಗಳಿಗಾಗಿ ಏರ್ಪಟ್ಟುದು. ಸದ್ದು ಮಹಾನಗರಗಳ ಸ್ವತ್ತೇನೂ ಅಲ್ಲ. ಹೆದ್ದಾರಿಯ ಮೇಲಿನ ಸಣ್ಣ ಊರುಗಳ ನಿದ್ರೆಗೆ ಬೆಲೆಯಿಲ್ಲವೆಂದು ಯಾರೂ ತೀರ್ಮಾನಿಸಿಲ್ಲ. ಆದರೆ ನಡವಳಿಕೆಯು ಹಾಗೆಯೇ ಇದೆ.

ರೈಲಿನ ಕೂಗು ಜೀವರಕ್ಷಣೆಗಾಗಿ ಇರುವುದು, ಅದನ್ನು ನಿಲ್ಲಿಸೆನ್ನುವುದು ಹೇಗೆ ಎಂದು ಆಕ್ಷೇಪಿಸುವವರಿರಬಹುದು. ಆಕ್ಷೇಪಣೆಯು ನ್ಯಾಯವಾದುದೇ, ಚಾಲಕನು ಗೇಟು ಸಮೀಪಿಸಿದಾಗ ಕೂಗು ಹಾಕಲೇಬೇಕು. ಆದರೆ ಗೇಟಿನ ಬದಲು ಸೇತುವೆಯನ್ನೋ ಕೆಳದಾರಿಯನ್ನೋ ಮಾಡಿದಲ್ಲಿ ಅಲ್ಲಿ ಕೂಗಿನ ಅವಶ್ಯಕತೆಯೇ ಕಡಮೆಯಾಗುತ್ತದೆ, ಅಪಘಾತಗಳೂ ತಪ್ಪುತ್ತವೆ. ಹಳಿಗಳನ್ನೂ ಗಾಲಿಗಳನ್ನೂ ಉಜ್ಜಿ ನುಣುಪಾಗಿಟ್ಟರೆ ಓಟದ ಸದ್ದೂ ತಗ್ಗುವುದು. ಲಾರಿಯ ಕಿರುಚು ಹಾರನ್ನಿಗಾದರೋ ಇಂತಹ ಯಾವ ಸಮರ್ಥನೆಯೂ ಇಲ್ಲ.

ನಮ್ಮ ಸೂಚನೆಗಳು ದುಬಾರಿಯವಲ್ಲ. ಹಾಸನ ಜಿಲ್ಲೆಯ ಅಧಿಕಾರಿಗಳು ಬಾಣಾವರ, ಅರಸೀಕೆರೆಗಳಲ್ಲಿ ಶಾಲೆ ಆಸ್ಪತ್ರೆಗಳ ಬಳಿ ನಿಶ್ಶಬ್ದ ವಲಯಗಳನ್ನು ಸಾರಿ ಕನ್ನಡದಲ್ಲಿ ಫಲಕಗಳನ್ನು ನೆಡಿಸಲಿ. ಮಾಲಿನ್ಯ ನಿಯಂತ್ರಣ ಮಂಡಲಿಯವರು ರಾತ್ರಿಯ ಹೊತ್ತು ಅಳತೆ ತೆಗೆದು ಜನರಿಗೆ ತಿಳಿಯಪಡಿಸಲಿ. ಸಾರಿಗೆ ಇಲಾಖೆಯವರು ವಾಹನಗಳಿಗೆ ಯೋಗ್ಯತಾಪತ್ರ ಕೊಡುವಾಗಲೇ ಕರ್ಕಶ ಹಾರನ್ನುಗಳನ್ನು ಕಿತ್ತುಹಾಕಿಸಲಿ. ಪೊಲೀಸರು ದಂಡವನ್ನು ಪುಸ್ತಕದಿಂದ ಬೀದಿಗೆ ತರಲಿ. ಮಹಾಜನರೂ ತಮ್ಮ ಗಾಡಿಯ ಹಾರನ್ನಿನಿಂದಲೇ ಸುಧಾರಣೆಯನ್ನು ಆರಂಭಿಸಬೇಕು. ಶುದ್ಧವಾದ ನೀರನ್ನೂ ಗಾಳಿಯನ್ನೂ ಹಕ್ಕಿನಿಂದ ಕೇಳುವ ಪೌರನು ನೆಮ್ಮದಿಯ ನಿದ್ರೆಯನ್ನು ದಾನವಾಗಿ ಬೇಡಬೇಕಾದುದಿಲ್ಲ. ಅಧಿಕಾರಿವರ್ಗದವರು ಈ ಕೆಲಸವನ್ನು ವಿಳಂಬವಿಲ್ಲದೆ ಕೈಗೊಳ್ಳುವರೆಂದು ನಂಬುತ್ತೇವೆ.